ಒಂದೇ ಸುದ್ದಿ, ಎರಡು ಕಣ್ಣು

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಸುಲಿಯುವ ಕೆಲಸ ಮುಗಿಯುವುದಿಲ್ಲ. ಸಾಲಾಗಿ ಮೆಟ್ಟುಗತ್ತಿ, ಗೋಡೆಗೆ ಒರಗಿಸಿಟ್ಟ ಒಂದು ಮೊಬೈಲ್. ಒಂದು ರಾತ್ರಿ ಅದರಲ್ಲಿ ಗಾಜಾದ ಎರಡು ನಿಮಿಷದ ಸುದ್ದಿ ಬಂತು. ಕುಸಿದ ಮನೆ, ಮೈಗೆಲ್ಲ ಧೂಳು ಮೆತ್ತಿದ ಮಗು, ಒಂದೇ ಕಾಲಲ್ಲಿ ಚಪ್ಪಲಿ. ಮುಗಿದ ತಕ್ಷಣ ಭಾವ "ಈ ಚಾನೆಲ್‌ನವರು ಪೂರ್ತಿ ಪ್ಯಾಲೆಸ್ಟೀನ್ ಕಡೆ" ಅಂದರು. ಚಿಕ್ಕಪ್ಪನ ಮಗ, "ಎಂತ ಭಾವ, ಅಷ್ಟೂ ಇಸ್ರೇಲ್ ಪರವಾಗೇ ಇತ್ತಲ್ಲ" ಅಂದ. ನೋಡಿದ್ದು ಮಾತ್ರ ಅದೇ ಎರಡು ನಿಮಿಷ.

ಇದನ್ನೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಲ್ಲೋನ್, ರಾಸ್, ಲೆಪ್ಪರ್ ಎಂಬ ಮೂವರು ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಇಸ್ರೇಲ್ ಪರ ಇದ್ದ ವಿದ್ಯಾರ್ಥಿಗಳಿಗೂ ಅರಬ್ಬರ ಪರ ಇದ್ದವರಿಗೂ ಒಂದೇ ಟಿವಿ ಸುದ್ದಿ ತೋರಿಸಿದರು. ಸುದ್ದಿ ನಮ್ಮ ವಿರುದ್ಧವೇ ಇದೆ ಅಂತ ಎರಡೂ ಗುಂಪಿನವರು ಹೇಳಿದರು. ನನಗೆ ಜಾಸ್ತಿ ದಿಗಿಲು ಹುಟ್ಟಿಸಿದ್ದು ಇನ್ನೊಂದು ಸಂಗತಿ: ವಿಷಯ ಚೆನ್ನಾಗಿ ತಿಳಿದವರಿಗೇ ಸುದ್ದಿಯಲ್ಲಿ ಪಕ್ಷಪಾತ ಇನ್ನೂ ಹೆಚ್ಚು ಕಂಡಿತ್ತು. ಓದಿದವರು ಸಮವಾಗಿ ನೋಡುತ್ತಾರೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ?

ಅವರು ತೋರಿಸಿದ ಸುದ್ದಿ ಲೆಬನಾನಿನ ರಾಜಧಾನಿ ಬೈರೂತ್‌ನದು. 1982ರ ಸೆಪ್ಟೆಂಬರ್‌ನಲ್ಲಿ ಸಬ್ರಾ ಮತ್ತು ಶಟೀಲಾದಲ್ಲಿದ್ದ ಪ್ಯಾಲೆಸ್ಟೀನಿ ನಿರಾಶ್ರಿತರ ಮೇಲೆ ಲೆಬನಾನಿನದೇ ಫಲಾಂಜಿಸ್ಟ್ ಎಂಬ ಕ್ರೈಸ್ತ ಸಶಸ್ತ್ರ ಪಡೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದಿತು, ಆಗ ಲೆಬನಾನಿನೊಳಗೆ ಯುದ್ಧಕ್ಕೆ ಬಂದಿದ್ದ ಇಸ್ರೇಲ್ ಸೈನ್ಯ ಸುತ್ತ ಕಾವಲಿತ್ತು. ಸತ್ತವರು ಎಷ್ಟು ಅನ್ನುವ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಟೆಲ್ ಅವೀವ್‌ನಲ್ಲಿ ಇಸ್ರೇಲಿನ ಜನರೇ, ತಮ್ಮ ಹುಡುಗರು ಇನ್ನೂ ಲೆಬನಾನಿನಲ್ಲಿ ಬಂದೂಕು ಹಿಡಿದು ನಿಂತಿದ್ದಾಗಲೇ, ತನಿಖೆ ಆಗಲಿ ಅಂತ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ಸರ್ಕಾರ ಕಾಹಾನ್ ಆಯೋಗ ರಚಿಸಿತು. 1983ರ ಫೆಬ್ರವರಿಯಲ್ಲಿ ಆಯೋಗ ರಕ್ಷಣಾ ಮಂತ್ರಿ ಏರಿಯಲ್ ಶರೋನ್ ಅವರಿಗೂ ವೈಯಕ್ತಿಕ ಹೊಣೆ ಇದೆ ಎಂದಿತು. ಅವರು ಆ ಖಾತೆ ಬಿಡಬೇಕಾಯಿತು. ಸಂಪುಟದಲ್ಲಿ ಮಾತ್ರ ಉಳಿದರು. ನ್ಯಾಯ ಪೂರ್ತಿ ಸಿಕ್ಕಿತು ಅಂತ ನಾನು ಹೇಳುವುದಿಲ್ಲ. ಆದರೂ ಯುದ್ಧ ಮುಗಿಯಲಿ, ಆಮೇಲೆ ಕೇಳೋಣ ಅಂತ ಆ ಜನ ಕೂತಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಜನಾಭಿಪ್ರಾಯ ಉಲ್ಟಾ ತಿರುಗಿದ್ದೂ ಉಂಟು. ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 1968ರಲ್ಲಿ ಅಮೆರಿಕದ ಸೈನಿಕರು ನೂರಾರು ಜನರನ್ನು ಕೊಂದ ಪ್ರಕರಣದಲ್ಲಿ ಲೆಫ್ಟಿನೆಂಟ್ ಕ್ಯಾಲಿಗೆ 1971ರಲ್ಲಿ ಶಿಕ್ಷೆಯಾದಾಗ, ಅಮೆರಿಕದ ಬಹುಪಾಲು ಜನ ತೀರ್ಪನ್ನೇ ವಿರೋಧಿಸಿದರು. ಫೋಟೊಗಳಿದ್ದವು, ಸಾಕ್ಷಿಗಳಿದ್ದವು. ನಮ್ಮ ಹುಡುಗ ಅನ್ನುವ ಮಾತು ಅವೆಲ್ಲಕ್ಕಿಂತ ದೊಡ್ಡದಾಯಿತು.

ಇನ್ನೊಂದು ತೊಡಕು ಲೆಕ್ಕದ್ದು. ಸತ್ತವರು ಇಷ್ಟು ಸಾವಿರ ಅಂದಾಗ ನಮ್ಮ ಅಂಗಳದಲ್ಲಿ ಯಾರೂ ತಲೆ ಎತ್ತಲಿಲ್ಲ. ಆ ಒಂಟಿ ಚಪ್ಪಲಿ ಕಂಡಾಗ ಮಾತ್ರ ಎಲ್ಲರ ಕೈ ನಿಂತಿತು. ಸಂಶೋಧಕರಾದ ಡೆಬೊರಾ ಸ್ಮಾಲ್, ಪಾಲ್ ಸ್ಲೋವಿಕ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಕಥೆ ಹೇಳಿದಾಗ ಜನ ಕೊಟ್ಟ ದುಡ್ಡು, ಹಸಿದ ಲಕ್ಷಾಂತರ ಜನರ ಅಂಕಿಸಂಖ್ಯೆ ಹೇಳಿದಾಗ ಕೊಟ್ಟದ್ದರ ಎರಡು ಪಟ್ಟು. ಹುಡುಗಿಯ ಕಥೆ ಜೊತೆ ಅಂಕಿಸಂಖ್ಯೆಯನ್ನೂ ಸೇರಿಸಿದರೆ? ಕೊಡುವುದು ಕಡಿಮೆಯಾಯಿತು! ಹಾಗಾಗಿ ಯಾವ ಮಗುವಿನ ಮುಖ ನಮಗೆ ಕಾಣಿಸುತ್ತದೆ, ಯಾವುದು ಬರೀ ಸಂಖ್ಯೆಯಾಗಿ ಉಳಿಯುತ್ತದೆ ಅನ್ನುವುದರ ಮೇಲೆ ನಮ್ಮ ಸಿಟ್ಟು ಯಾರ ಕಡೆ ತಿರುಗುತ್ತದೆ ಅನ್ನುವುದೂ ನಿಂತಿದೆ.

ನಾನೀಗ ಯುದ್ಧದ ಸುದ್ದಿಯನ್ನು ಬೇರೆಯವರಿಗೆ ಕಳಿಸುವ ಮುಂಚೆ ಎರಡು ದೇಶದ ಹೆಸರನ್ನೂ ಮನಸ್ಸಲ್ಲೇ ಅದಲುಬದಲು ಮಾಡಿ ಓದುತ್ತೇನೆ. ಆಗಲೂ ಅದೇ ಮಾತು ಹೇಳಬಲ್ಲೆನಾದರೆ ಮಾತ್ರ ಕಳಿಸುತ್ತೇನೆ. ಎಷ್ಟೋ ಸಲ ಕಳಿಸದೆ ಬಿಟ್ಟಿದ್ದೇನೆ. ಅವತ್ತು ರಾತ್ರಿ ಭಾವನಿಗೂ ಕೇಳಿದೆ, ಆ ಮಗು ಇನ್ನೊಂದು ಕಡೆಯದಾಗಿದ್ದರೆ ಎಂತ ಹೇಳ್ತಿದ್ರಿ ಅಂತ. ಮೂರ್ನಾಲ್ಕು ಅಡಿಕೆ ಸುಲಿಯುವಷ್ಟು ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪನ ಮಗನ ಕಡೆ ತಿರುಗಿ, "ಇನ್ನೊಂದ್ಸಲ ಹಾಕು ಮಾರಾಯ, ನೋಡೋಣ" ಅಂದರು.