ಗುಂಡು ಕೆನ್ನೆ ಮತ್ತು ಒಂದು ಜುಟ್ಟಿನ ಕಥೆ

ಚೆರುಬಿಸಮ್ ಅಂದರೆ ಮಕ್ಕಳ ದವಡೆ ಊದಿ ಕೆನ್ನೆ ಗುಂಡಾಗುವ, ವಂಶದಲ್ಲಿ ಹರಿದುಬರುವ ಒಂದು ಕಾಯಿಲೆ. ಆ ಹೆಸರೇ ಒಂದು ತಮಾಷೆ. ಬೈಬಲಿನ ಪ್ರವಾದಿ ಎಝೆಕಿಯೇಲನ ಕಣ್ಣಿಗೆ ಬಿದ್ದ ಚೆರುಬ್ ಎಂಬ ದೇವದೂತನಿಗೆ ನಾಲ್ಕು ಮುಖ, ನಾಲ್ಕು ರೆಕ್ಕೆ. ಇಟಲಿಯ ಚಿತ್ರಕಾರರ ಕೈಯಲ್ಲಿ ಅದು ಗುಂಡು ಕೆನ್ನೆಯ ಮಗುವಾಯಿತು. ರಾಫೆಲ್ 1512ರ ಸುಮಾರಿಗೆ ಬರೆದ ಚಿತ್ರವೊಂದರ ಕೆಳಗೆ, ಮೊಣಕೈ ಊರಿ ಮೇಲೆ ನೋಡುತ್ತಿರುವ ಎರಡು ಪುಟಾಣಿಗಳಿವೆಯಲ್ಲ, ಅಂಥದ್ದು. 1933ರಲ್ಲಿ ವಿಲಿಯಂ ಜೋನ್ಸ್ ಎಂಬ ವೈದ್ಯರು ಒಂದೇ ಮನೆಯ ಮೂರು ಮಕ್ಕಳ ದವಡೆ ಊದಿದ್ದನ್ನು ವರದಿ ಮಾಡಿದರು. ಆಮೇಲೆ ಈ ಹೆಸರು ಅಂಟಿಕೊಂಡಿತು.

ಈ ಮಕ್ಕಳ ಕಣ್ಣೂ ಮೇಲೆ ನೋಡುವಂತೆ ಕಾಣುತ್ತದೆ. ಮೇಲ್ದವಡೆ ಊದಿ ಕಣ್ಣಿನ ಗೂಡನ್ನು ಒತ್ತುತ್ತದೆ, ಕೆಳರೆಪ್ಪೆ ಜಗ್ಗುತ್ತದೆ, ಕರಿಗುಡ್ಡೆಯ ಕೆಳಗೆ ಬಿಳಿ ಇಣುಕುತ್ತದೆ, ಅಷ್ಟೆ. ಬಸುರಿ ಗ್ರಹಣ ನೋಡಿದಳು ಅಂತ ತಾಯಿಯನ್ನು ಅನ್ನುವವರು ದಯವಿಟ್ಟು ಸುಮ್ನಿರಿ.

ಮೂಳೆ ಅಂದರೆ ಕಲ್ಲಲ್ಲ, ಯಾವಾಗಲೂ ರಿಪೇರಿ ನಡೆಯುವ ಮನೆ. ಕೆಡವುವ ಕೂಲಿಗಳು ಆಸ್ಟಿಯೋಕ್ಲಾಸ್ಟ್ ಕೋಶಗಳು. ಅವುಗಳಿಗೆ 'ಕೆಡವ್ರೋ' ಅಂತ ಕೂಗುವ ಮೇಸ್ತ್ರಿಗಳಲ್ಲಿ ಒಬ್ಬ, ಎಸ್‌ಎಚ್3ಬಿಪಿ2 ಎಂಬ ಪ್ರೋಟೀನ್. ಸಂಜೆಯಾದರೆ ಟ್ಯಾಂಕಿರೇಸ್ ಎಂಬ ಇನ್ನೊಂದು ಪ್ರೋಟೀನ್ ಕಾವಲುಗಾರನಂತೆ ಬಂದು ಮೇಸ್ತ್ರಿಯ ಜುಟ್ಟು ಹಿಡಿದು ಆಚೆ ಕಳಿಸಬೇಕು. ಮೇಸ್ತ್ರಿ ಪ್ರೋಟೀನಿನಲ್ಲಿ 561 ಅಮೈನೋ ಆಮ್ಲಗಳಿದ್ದರೂ ಆ ಜುಟ್ಟು ಬರೀ ಆರರದ್ದು. ಅದರಲ್ಲಿ ಒಂದು ಬದಲಾದರೂ ಸಾಕು, ಕೈ ಜಾರುತ್ತದೆ. ಬಾವಿಯ ಕೊಡಕ್ಕೆ ಕಂಠವೇ ಇಲ್ಲದಿದ್ದರೆ ಹಗ್ಗ ಎಲ್ಲಿ ಕಟ್ಟುತ್ತೀರಿ? ಹಾಗೆ. ಮೇಸ್ತ್ರಿ ಅಲ್ಲೇ ಉಳಿದು ರಾತ್ರಿಯೆಲ್ಲ ಕೂಗುತ್ತಾನೆ, ಕೂಲಿಗಳು ಕೆಡವುತ್ತಲೇ ಇರುತ್ತಾರೆ, ಖಾಲಿಯಾದ ಜಾಗದಲ್ಲಿ ನಾರಿನಂಥ ಮೆತ್ತನೆ ಅಂಗಾಂಶ ತುಂಬಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ನೋಡಿದರೆ ದವಡೆ ಸೋಪಿನ ನೊರೆಯಂತೆ, ಹಲ್ಲುಗಳು ಅದರಲ್ಲಿ ದಿಕ್ಕುತಪ್ಪಿ ತೇಲುತ್ತಿರುವಂತೆ. ಈ ಮೇಸ್ತ್ರಿ ಪ್ರೋಟೀನಿನ ಜೀನ್‌ನಲ್ಲಾಗುವ ಬದಲಾವಣೆಯೇ ಕಾರಣ ಅಂತ ಪತ್ತೆಯಾದದ್ದು 2001ರಲ್ಲಿ.

ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕೆನ್ನೆ ಉಬ್ಬಲು ಶುರುವಾಗುತ್ತದೆ. ಮೊದಮೊದಲು ಮಂಗನಬಾವು ಅಂದುಕೊಳ್ಳುವುದು ಸಹಜ, ಆದರೆ ಮಂಗನಬಾವು ವಾರ ಹತ್ತು ದಿನಕ್ಕೆ ಇಳಿಯುತ್ತದೆ, ನೋವೂ ಜಾಸ್ತಿ. ಇದು ವರ್ಷಗಟ್ಟಲೆ, ನೋವಿಲ್ಲದೆ, ಎರಡೂ ಕಡೆ ಬೆಳೆಯುತ್ತದೆ. ಮೈನೆರೆಯುವ ವಯಸ್ಸು ದಾಟಿದ ಮೇಲೆ ಹೆಚ್ಚಿನವರಲ್ಲಿ ತಾನಾಗೇ ಇಳಿಯತೊಡಗುತ್ತದೆ, ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಉಸಿರಾಟಕ್ಕೋ ದೃಷ್ಟಿಗೋ ಅಗಿಯುವುದಕ್ಕೋ ತೊಂದರೆ ಇಲ್ಲದಿದ್ದರೆ ಡಾಕ್ಟರು ಆಪರೇಶನ್‌ಗೆ ಅವಸರ ಮಾಡುವುದಿಲ್ಲ.

ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು ಈ ಬದಲಾವಣೆ. 'ನಮ್ಮ ವಂಶದಲ್ಲೇ ಇಲ್ಲ' ಅನ್ನುತ್ತಾರೆ. ಕೆಲವು ಸಲ ನಿಜವೂ ಹೌದು, ಮಗುವಿನಲ್ಲೇ ಹೊಸದಾಗಿ ಹುಟ್ಟಿರಬಹುದು. ಆದರೂ ಅಪ್ಪನ ಈಗಿನ ಮುಖ ನೋಡಿ ತೀರ್ಮಾನಿಸಬೇಡಿ. ಅವರ ಎರಡನೇ ಕ್ಲಾಸಿನ ಗ್ರೂಪ್ ಫೋಟೊ ಹುಡುಕಿ ತೆಗೆಯಿರಿ.