ಕೆರೆಯ ನಂಟಿನ ಸೆರೆ, ಮರದ ದಿಮ್ಮಿಯ ತುರಂಗ

'ಬೋನಿಗೆ ಬಿದ್ದ ಚಿರತೆ ಸೆರೆ' ಅಂತ ಪತ್ರಿಕೆಯಲ್ಲಿ ಓದುತ್ತೇವೆ. 'ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯ' ಅಂತ ಟಿವಿಯವರು ಹೇಳುತ್ತಾರೆ. ಆದರೆ ಮನುಷ್ಯ ಒಳಗೆ ಹೋದರೆ ನಮ್ಮ ಬಾಯಿಗೆ ಬರೋದು ಜೈಲು. ಸೆರೆಮನೆ ಅನ್ನುವ ಮಾತು ಜಾಸ್ತಿ ಬರವಣಿಗೆಯಲ್ಲೇ ಉಳಿದಿದೆ.

ಸೆರೆ ತುಂಬಾ ಹಳೆಯ ಪದ. ಹಳಗನ್ನಡದಲ್ಲಿ 'ಸೆಱೆ', ತೆಲುಗಿನಲ್ಲಿ 'ಚೆರ', ತಮಿಳಿನಲ್ಲಿ 'ಸಿರೈ'. ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲೇ ಇದೆ. ತಮಿಳಿನ ಸಿರೈಗೆ ಬಂಧನ ಅಂತಲೂ ಅರ್ಥ, ನೀರು ತಡೆಯುವ ಕಟ್ಟೆ ಅಂತಲೂ ಅರ್ಥ. ಮಲಯಾಳದ 'ಚಿರ' ಅಂದರೂ ಕಟ್ಟೆ, ಕೆರೆ. ಕನ್ನಡದ 'ಕ' ತಮಿಳಿನಲ್ಲಿ ಎಷ್ಟೋ ಕಡೆ 'ಸ' ಆಗುತ್ತದೆ. ನಮ್ಮ ಕಿವಿ ಅವರ ಸೆವಿ, ನಮ್ಮ ಕಿರು ಅವರ ಸಿರು. ಹಾಗೆ ನೋಡಿದರೆ ನಮ್ಮ ಕೆರೆಯೂ ಅದೇ ಬಳ್ಳಿಯ ಕಾಯಿ. ಹರಿಯುವ ನೀರಿಗೆ ಏರಿ ಕಟ್ಟಿ ನಿಲ್ಲಿಸಿದರೆ ಕೆರೆ, ಓಡಾಡುವ ಮನುಷ್ಯನನ್ನು ತಡೆದು ನಿಲ್ಲಿಸಿದರೆ ಸೆರೆ.

ಇದರ ಪಕ್ಕಕ್ಕೆ ಬೇರೆ ಮಾತುಗಳೂ ಬಂದು ಕೂತವು. ಕಾರಾಗೃಹ ಸಂಸ್ಕೃತದ್ದು. ಬಂದೀಖಾನೆಯ 'ಖಾನೆ' ಪಾರಸಿ. ಶ್ರೀರಂಗಪಟ್ಟಣಕ್ಕೆ ಹೋದವರು ಕರ್ನಲ್ ಬೈಲಿ ಬಂದೀಖಾನೆ ನೋಡಿರುತ್ತೀರಿ. 1780ರ ಪೊಲ್ಲಿಲೂರು ಕಾಳಗದಲ್ಲಿ ಹೈದರ್-ಟಿಪ್ಪು ಸೇನೆಗೆ ಸಿಕ್ಕಿಬಿದ್ದ ಇಂಗ್ಲಿಷರ ಸೇನಾಧಿಕಾರಿ ಬೈಲಿ 1782ರಲ್ಲಿ ಪಟ್ಟಣದಲ್ಲೇ ತೀರಿಕೊಂಡ. ಆ ತಗ್ಗು ಕಮಾನುಗಳ ಕೆಳಗೆ, ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ತೂತುಗಳಿವೆ. ಕೈದಿಗಳ ಸರಪಳಿ ಬಿಗಿಯುತ್ತಿದ್ದುದು ಅಲ್ಲಿಗೇ ಅಂತೆ. ನೋಡಿದರೆ ಮೈ ಜುಮ್ಮೆನ್ನುತ್ತದೆ.

ಉತ್ತರ ಕರ್ನಾಟಕದ ಹಳಬರ ಮಾತು 'ತುರಂಗ'. ಕುದುರೆಗೂ ಇದಕ್ಕೂ ನಂಟಿಲ್ಲ. ಪೋರ್ಚುಗೀಸರ 'ಟ್ರೊಂಕೊ' ಅಂದರೆ ಮರದ ಕಾಂಡ. ಕೈದಿಯ ಕಾಲು ಸಿಕ್ಕಿಸುವ ತೂತಿನ ದಿಮ್ಮಿಗೂ ಅದೇ ಹೆಸರು. ಆಮೇಲೆ ಜೈಲಿಗೇ ಅದು ಹೆಸರಾಯಿತು. ಮರಾಠಿಯಲ್ಲಿ 'ತುರುಂಗ' ಆಗಿ ನಮ್ಮ ಕಡೆಗೆ ದಾಟಿತು.

ಇಂಗ್ಲಿಷರು ತಂದ ಜೈಲಿನ ಬೇರು ಲ್ಯಾಟಿನ್ನಿನಲ್ಲಿ ಸಣ್ಣ ಪಂಜರ. ಅವರದೇ 'ಪ್ರಿಸನ್' ಪದದ ಬೇರಿಗೆ ಹಿಡಿಯುವುದು ಅಂತ ಅರ್ಥ. ನಾವು ಸೆರೆ 'ಹಿಡಿಯುತ್ತೇವೆ' ಅಲ್ವಾ, ಹಾಗೆ.

ಈಗ ಬೆಂಗಳೂರಿನಲ್ಲಿ ಹೊಸ ಮಾತೊಂದು ಹುಟ್ಟಿದೆ. ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಯಿತು, ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು. ಅಲ್ಲಿನ ಬೋರ್ಡಿನಲ್ಲಿ 'ಕೇಂದ್ರ ಕಾರಾಗೃಹ' ಅಂತಿದೆ. ಜನ ಮಾತ್ರ ಸುಮ್ನೆ 'ಪರಪ್ಪನ ಅಗ್ರಹಾರಕ್ಕೆ ಹೋದ' ಅನ್ನುತ್ತಾರೆ. ಜೈಲು ಅಂತ ಬೇರೆ ಹೇಳಬೇಕಾಗಿಲ್ಲ.