ಕಾಗೆಗಳಿರುವ ಗೋಧಿ ಹೊಲ ‘ಕೊನೆಯ ಚಿತ್ರ’ವಾದ ಬಗೆ

ವಿನ್ಸೆಂಟ್ ವ್ಯಾನ್ ಗೋನ ಕಟ್ಟಕಡೆಯ ಚಿತ್ರ ಯಾವುದೆಂದರೆ ಬಹುತೇಕರು ಇಂದಿಗೂ ‘ಕಾಗೆಗಳಿರುವ ಗೋಧಿ ಹೊಲ’ವನ್ನೇ ತೋರಿಸುತ್ತಾರೆ. ಚಿತ್ರವನ್ನು ಇಟ್ಟುಕೊಂಡಿರುವ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂ ಅಲ್ಲವೆಂದರೂ ಕೇಳುವವರು ಕಡಿಮೆ.

1890ರ ಮೇ 20ರಂದು ಆತ ಪ್ಯಾರಿಸ್‌ಗೆ ಹತ್ತಿರದ ಓವೇರ್ ಹಳ್ಳಿಗೆ ಬಂದ. ಜುಲೈ 27ರಂದು ಗುಂಡೇಟು, 29ರಂದು ಸಾವು. ನಡುವೆ ಸುಮಾರು ದಿನಕ್ಕೊಂದು ಚಿತ್ರ. ಕಾಗೆಗಳದ್ದು ಅರ್ಧ ಮೀಟರ್ ಎತ್ತರ, ಒಂದು ಮೀಟರ್ ಅಗಲದ ಕ್ಯಾನ್ವಾಸ್. ಕಡುನೀಲಿ ಆಕಾಶ, ಕೆಳಗೆ ಹಳದಿ ಪೈರು, ಕೆಂಪು ಮಣ್ಣಿನ ದಾರಿಗೆ ಅಂಚಾಗಿ ಹಸಿರು ಹುಲ್ಲು. ನಡುವಿನ ದಾರಿ ಪೈರಿನೊಳಗೆ ಹೊಕ್ಕು ಕಾಣೆಯಾಗುತ್ತದೆ. ಇದನ್ನೇ ಸಾವಿನ ಸೂಚನೆ ಎಂದು ಓದಿದರು. ಆದರೆ ಮಾಗಿದ ಹೊಲಕ್ಕೆ ಕಾಗೆ ಬಾರದೆ ಇನ್ನೇನು ಬಂದೀತು?

ಗೊಂದಲದ ಬೇರು ಒಂದು ಪತ್ರದಲ್ಲಿದೆ. ಜುಲೈ 10ರ ಸುಮಾರಿಗೆ ತಮ್ಮ ತಿಯೋ ಮತ್ತು ಅವನ ಹೆಂಡತಿ ಯೋಗೆ ಬರೆಯುತ್ತ, ಕಲಕಿದ ಆಕಾಶದ ಕೆಳಗಿನ ಗೋಧಿ ಬಯಲುಗಳಲ್ಲಿ ದುಃಖವನ್ನು, ಒಂಟಿತನವನ್ನು ಬೇಕೆಂದೇ ತೋರಿಸಲು ಹೊರಟೆ ಎಂದ. ಇಷ್ಟನ್ನು ಎಲ್ಲರೂ ಉದ್ಧರಿಸುತ್ತಾರೆ. ಹಳ್ಳಿಗಾಡಿನಲ್ಲಿ ತನಗೆ ಕಾಣುವ ಆರೋಗ್ಯ ಮತ್ತು ಚೈತನ್ಯವನ್ನು, ಮಾತಿನಲ್ಲಿ ಹೇಳಲಾಗದ್ದನ್ನು, ಇವೇ ಚಿತ್ರಗಳು ಹೇಳಬಹುದು ಎಂದು ಅದೇ ಪತ್ರದಲ್ಲಿ ಮುಂದೆ ಬರೆದದ್ದು ಮಾತ್ರ ಯಾಕೋ ಬಿಟ್ಟುಹೋಗುತ್ತದೆ. ಜುಲೈ 23ರ ಪತ್ರದಲ್ಲಿ ಚಿತ್ರಕಾರ ದೋಬಿನ್ಯಿಯ ತೋಟದ ಚಿತ್ರದ ಸ್ಕೆಚ್ ಇದೆ, ತರಿಸಬೇಕಾದ ಬಣ್ಣಗಳ ಪಟ್ಟಿಯೂ ಇದೆ. ಬಣ್ಣ ತರಿಸುವವನ ಮನಸ್ಸಿನಲ್ಲಿ ಇನ್ನೂ ಬರೆಯಬೇಕಾದ ಚಿತ್ರಗಳಿರಬೇಕಲ್ಲ.

ಆರು ತಿಂಗಳಲ್ಲೇ ತಿಯೋ ತೀರಿಕೊಂಡ. ಯೋ 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದಳು. ವ್ಯಾನ್ ಗೋನ ಬದುಕಿನ ಕುರಿತ 1956ರ ಹಾಲಿವುಡ್ ಸಿನಿಮಾದಲ್ಲಿ ಕಾಗೆಗಳನ್ನು ಬಿಡಿಸುತ್ತಲೇ ನಾಯಕ ಗುಂಡು ಹಾರಿಸಿಕೊಂಡ. ತೆರೆಯ ಮೇಲೆ ನೋಡಿದ್ದನ್ನು ಅಳಿಸುವುದು ಕಷ್ಟ.

ಸಾಯುವ ಹಿಂದಿನ ದಿನಗಳ ಸಾಕ್ಷಿ ಬೇರೆಯೇ ಇತ್ತು. ಆತ ಕೊನೆಗೆ ಬರೆದದ್ದು ಬಿಸಿಲು ತುಂಬಿದ ಕಾಡಿನೊಳಗಿನ ಒಂದು ನೋಟ ಎಂದು ಯೋಳ ಅಣ್ಣ ಆಂದ್ರಿಸ್ ಬೊಂಗರ್ ದಾಖಲಿಸಿದ್ದ. ಇದರ ಆಧಾರದ ಮೇಲೆ 2012ರಲ್ಲಿ ಸಂಶೋಧಕರು, ಅರೆಬರೆ ಉಳಿದ ‘ಮರದ ಬೇರುಗಳು’ ಚಿತ್ರವೇ ಕೊನೆಯದೆಂದು ವಾದಿಸಿದರು. 2020ರಲ್ಲಿ ಸಂಶೋಧಕ ವೌಟರ್ ವಾನ್ ಡರ್ ವೇನ್ ಹಳೆಯ ಪೋಸ್ಟ್‌ಕಾರ್ಡೊಂದರಲ್ಲಿ ಆ ಬೇರುಗಳ ಇಳಿಜಾರನ್ನೇ ಗುರುತಿಸಿದ. ವ್ಯಾನ್ ಗೋ ತಂಗಿದ್ದ ರಾವೂ ಹೋಟೆಲಿನಿಂದ ಅಲ್ಲಿಗೆ ಕೆಲವೇ ನಿಮಿಷಗಳ ನಡಿಗೆ.